ಗೇಣುದ್ದದ ಸಸಿ

ಕುಷ್ಟಗಿಯ ನಮ್ಮ ಹಳೆಯ ಮನೆಗೆ ಕಿಟಕಿ ಇದ್ದದ್ದು ಒಂದೇ. ಅಡುಗೆಮನೆಯಲ್ಲಿ, ಹಿತ್ತಲಿನ ಕಡೆಗೆ. ಮಿಕ್ಕ ಕೋಣೆಗಳಿಗೆಲ್ಲ ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಗಳೇ ಗತಿ. ಮಧ್ಯಾಹ್ನ ನೆಲದ ಮೇಲೆ ತಟ್ಟೆಯಗಲದ ಬಿಸಿಲು ಬಿದ್ದು, ಸ್ವಲ್ಪ ಹೊತ್ತು ಸರಿದಾಡಿ, ಗೋಡೆ ಹತ್ತಿ ಹೋಗಿಬಿಡುತ್ತಿತ್ತು. ಹೀಗಾಗಿ ಒಂದು ಕಿಟಕಿಗೆ ಐದು ಜನ ಹಕ್ಕುದಾರರು. ಅಪ್ಪನಿಗೆ ದಾಡಿ ಮಾಡಿಕೊಳ್ಳಲು ಅದೇ ಬೇಕು, ಅವನ ಕನ್ನಡಿಯ ಮೊಳೆ ಅದರ ಚೌಕಟ್ಟಿನಲ್ಲಿತ್ತು. ಕಾಕಾನ ಮೊಬೈಲಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಜೋಳ ಹಸನು ಮಾಡಲು ಮರ, ಅಂದರೆ ಕೇರುವ ಮೊರ, ಹಿಡಿದುಕೊಂಡು ಕಿಟಕಿಯ ಕೆಳಗೇ ಕೂರುತ್ತಿದ್ದಳು. ಅವ್ವನಿಗೆ ರೊಟ್ಟಿಯ ಹೊಗೆ ಹೋಗಲು ಅದು ಬೇಕು. ನನಗೆ ಓದಲು. ಯಾರಾದರೂ ಒಬ್ಬರು ಅಲ್ಲಿ ನಿಂತರೆ ಮಿಕ್ಕ ನಾಲ್ವರ ಕೆಲಸ ಕೆಡುತ್ತಿತ್ತು, ಕೆಲಸ ಕೆಟ್ಟವರು ಸುಮ್ಮನಿರುತ್ತಿರಲಿಲ್ಲ. ಯಾರು ಯಾವ ಹೊತ್ತಿಗೆ ಕಿಟಕಿ ಬಳಸಬೇಕೆಂದು ನಾನು ಒಮ್ಮೆ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೆ. ಮರುದಿನ ಅದರ ಮೇಲೆ ಒಗ್ಗರಣೆಯ ಎಣ್ಣೆ ಸಿಡಿದಿತ್ತು, ಅದರ ಮರುದಿನ ಪಟ್ಟಿಯೇ ಇರಲಿಲ್ಲ. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಾಳಿ ನನಗೆ ಅಂಟಿದ್ದು ಆ ಮನೆಯಿಂದಲೇ. ಅಲ್ಲಿ ಬೆಳಿಗ್ಗೆ ನಡೆದದ್ದು ಏನೆಂದು ಸಂಜೆ ತೀರ್ಮಾನವಾಗುತ್ತಿತ್ತು. ಜೋರಾಗಿ ಮಾತಾಡಿದವರು ಹೇಳಿದ್ದೇ ನಡೆದದ್ದು.

ನಾನು ಆರನೆಯ ಇಯತ್ತೆಗೆ ಹೋಗುವ ಮುಂಚಿನ ಬೇಸಿಗೆಯಲ್ಲಿ ಅವ್ವ ಆ ಕಿಟಕಿಯನ್ನು ಸಸಿಗಳಿಗೆ ಕೊಟ್ಟುಬಿಟ್ಟಳು. ಅದಕ್ಕೆ ಕಾರಣ ಹಿತ್ತಲು. ಬಚ್ಚಲಿನ ಆಚೆ, ಮೊಣಕಾಲೆತ್ತರದ ಕಲ್ಲಿನ ಗೋಡೆಯೊಳಗೆ, ನಾಲ್ಕು ಹೊರಸು ಹಾಕಬಹುದಾದಷ್ಟು ಕೆಂಪು ಮಣ್ಣಿನ ಜಾಗ. ಅವ್ವ ಗಂಗಾವತಿ ಕಡೆಯ ಕಾಲುವೆ ಊರಿನವಳು. ಅಲ್ಲಿ ಬಾಗಿಲು ತೆಗೆದರೆ ನೀರು, ನೀರಿನಾಚೆ ಹಸಿರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಸಾರಿಗೆ ಯಾವ ಬೇಳೆ ಹಾಕಬೇಕು ಎಂಬುದನ್ನೂ ಅವಳು ಆಯಿಯನ್ನು ಕೇಳಿ ಹಾಕುತ್ತಿದ್ದಳು. ಆ ಮನೆಯಲ್ಲಿ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು ಹಿತ್ತಲೊಂದನ್ನೇ: ಅಲ್ಲಿ ಮುಳಗಾಯಿ ಎನ್ನುವ ಬದನೆ, ಟೊಮೆಟೊ, ಮೆಣಸಿನಕಾಯಿ ಹಚ್ಚುತ್ತೇನೆ ಎಂದು. ಹಿಂದಿನ ವರ್ಷ ನೇರವಾಗಿ ಮಣ್ಣಿಗೇ ಬೀಜ ಉದುರಿಸಿದ್ದಳು. ಅರ್ಧವನ್ನು ಬಿಸಿಲು ಸುಟ್ಟಿತು, ಅರ್ಧವನ್ನು ಪಕ್ಕದ ಮನೆಯ ಕೋಳಿಗಳು ಕೆದರಿ ತಿಂದವು. ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಟಂಟಂ ಎನ್ನುವ ಮೂರುಗಾಲಿಯ ಬಾಡಿಗೆ ಗಾಡಿ ಓಡಿಸುತ್ತಿದ್ದ. ಓಣಿಯಲ್ಲಿ ನಿಲ್ಲಿಸಿದರೆ ಅದರ ಸೀಟಿನ ಮೇಲೆ ಆಡುಗಳು ಮಲಗಿ ರೆಕ್ಸಿನ್ನನ್ನು ಕಚ್ಚಿ ತಿನ್ನುತ್ತವೆಂದು ಅವನಿಗೆ ದಿನಾ ಸಂಕಟ. ಹಿತ್ತಲಿಗೆ ಫರ್ಸಿ ಹಾಸಿ, ಗೋಡೆ ಒಡೆದು, ಟಂಟಂ ಒಳಗೆ ತರುತ್ತೇನೆ ಎಂದು ಅವನು ಹಟ ಹಿಡಿದ. ಫರ್ಸಿ ಕಲ್ಲುಗಳನ್ನು ತಂದು ಬಾಗಿಲ ಮುಂದೆ ಒರಗಿಸಿಯೂ ಬಿಟ್ಟ. ಬಂದುಹೋಗುವವರೆಲ್ಲ ಅವಕ್ಕೆ ಕಾಲು ಎಡವಿಸಿಕೊಂಡು ಬೈಯುತ್ತಿದ್ದರು.

ವಾರಗಟ್ಟಲೆ ಇದೇ ಜಗಳ. ಅವ್ವ ಜಗಳವಾಡುವವಳಲ್ಲ, ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೇ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು. ದಿನವಿಡೀ ಜನರ ಜಗಳ ಬಿಡಿಸಿ ಬಂದು ಮನೆಯ ಜಗಳಕ್ಕೆ ‘ನೋಡೋಣ ತಗಿ’ ಎಂದು ಮಲಗಿಬಿಡುತ್ತಿದ್ದ. ಕೊನೆಗೆ ಬಸವ ಜಯಂತಿಯ ದಿನ ಹೋಳಿಗೆ ಉಂಡು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ, ಕಾಕಾ ಮತ್ತೆ ಶುರು ಮಾಡಿದ. ಮನೆ ಆಯಿಯ ಹೆಸರಿನಲ್ಲಿತ್ತು, ತೀರ್ಪು ಅವಳದೇ.

‘ಶಾಂತಾ, ಕೇಳಿಲ್ಲಿ,’ ಎಂದಳು ಆಯಿ ಅವ್ವನಿಗೆ. ‘ಕಾರಹುಣ್ಣಿಮಿತನಾ ಟೈಮ್ ಕೊಡ್ತೀನಿ. ನಿನ್ನ ಸಸಿ ಒಂದ್ ಗೇಣು ಆದ್ವು ಅಂದ್ರ ಹಿತ್ತಲ ನಿಂದು. ಆಗಲಿಲ್ಲಂದ್ರ ಇವ ಫರ್ಸಿ ಹಾಸ್ಲಿ. ಮತ್ತ ನನ್ನ ಮುಂದ ಇಬ್ರೂ ಬಾಯಿ ತಗೀಬ್ಯಾಡ್ರಿ.’

‘ವೈನೀ, ಪಕ್ಕದ ಮನಿ ಕೋಳಿಗಿ ಈ ವರ್ಷನೂ ಹಬ್ಬ ನೋಡ್ರಿ,’ ಎಂದ ಕಾಕಾ ತನ್ನ ಅತ್ತಿಗೆಗೆ.

ಗೇಣು ಎಂದರೆ ಯಾರ ಗೇಣು ಎಂದು ನಾನು ಕೇಳಿದೆ. ಸಸಿಗೆ ಎತ್ತರಕ್ಕಿಂತ ದಂಟು ಗಟ್ಟಿಯಿರುವುದು ಮುಖ್ಯವಲ್ಲವೇ ಎಂದೂ ಕೇಳಿದೆ. ಅದನ್ನು ನಮ್ಮ ವಿಜ್ಞಾನದ ಟೀಚರು ಹೇಳಿದ್ದರು. ಆಯಿ ನನಗೆ ಇನ್ನೊಂದು ಹೋಳಿಗೆ ಕೊಟ್ಟು ಬಾಯಿ ಮುಚ್ಚಿಸಿದಳು.

ಕಾರಹುಣ್ಣಿಮೆಗೆ ಉಳಿದದ್ದು ಆರು ವಾರ, ಅವ್ವ ಮರುದಿನದಿಂದಲೇ ಕೆಲಸ ಹಿಡಿದಳು. ಈ ಸಲ ಹೊರಗೆ ಬಿತ್ತುವುದಿಲ್ಲ, ಮನೆಯೊಳಗೇ ಸಸಿ ಎಬ್ಬಿಸಿ, ಮೊದಲ ಮಳೆ ಬಿದ್ದ ಮೇಲೆ ಕಿತ್ತು ಹಚ್ಚುತ್ತೇನೆ, ನಮ್ಮೂರಲ್ಲಿ ಭತ್ತಕ್ಕೆ ಮಾಡುವುದೂ ಹಾಗೇ ಅಲ್ಲವೇ ಎಂದಳು. ಕುಂಡ ತರುವ ಮಾತೇ ಇರಲಿಲ್ಲ. ಅಪ್ಪ ಬಸ್‌ಸ್ಟ್ಯಾಂಡಿನಿಂದ ಕಾಗದದ ಚಹಾ ಕಪ್ಪುಗಳನ್ನು ತರತೊಡಗಿದ. ತಂದವುಗಳಲ್ಲಿ ಅರ್ಧಕ್ಕೆ ಚಹಾ ಮೆತ್ತಿರುತ್ತಿತ್ತು, ಕೆಲವಕ್ಕೆ ಅಡಿಕೆಯ ಉಗುಳು. ಅವನ್ನು ತೊಳೆಯುವ ಕೆಲಸ ನನ್ನದು. ಹಾಲಿನ ಪಾಕೀಟುಗಳನ್ನು ಒಂದು ಮೂಲೆ ಮಾತ್ರ ಕತ್ತರಿಸಬೇಕು, ಪೂರಾ ಬಾಯಿ ಸೀಳಬಾರದು ಎಂದು ನಾನು ಎಲ್ಲರಿಗೂ ಹೇಳಿದ್ದೆ. ಕಾಕಾ ಬೇಕೆಂದೇ ಹಲ್ಲಿನಿಂದ ಸೀಳುತ್ತಿದ್ದ. ನೀರಿನ ಬಾಟಲಿಗಳನ್ನು ಅಡ್ಡಕ್ಕೆ ಕತ್ತರಿಸಿ ತೊಟ್ಟಿ ಮಾಡಿದೆವು. ತೆಂಗಿನ ಚಿಪ್ಪುಗಳಿದ್ದವು, ಒಡೆದ ಬಕೀಟಿನ ಅಡಿ ಇತ್ತು, ಒಳ್ಳೆಣ್ಣೆಯ ತಗಡಿನ ಡಬ್ಬಿ ಇತ್ತು. ಮಣ್ಣಿಗೆ ಅವ್ವ ತಿಪ್ಪೆಯ ಹಳೆಯ ಗೊಬ್ಬರವನ್ನು ಹಿಟ್ಟಿನ ಜರಡಿಯಲ್ಲಿ ಸೋಸಿದಳು. ಅದಕ್ಕೆ ಬೇರೆ ಜಗಳ. ಆ ಜರಡಿಯನ್ನು ಆಯಿ ಏಳು ಸಲ ತೊಳೆಸಿದಳು. ಕಡೆಗೆ ಅದು ಹಿಟ್ಟಿಗೆ ಬೇಡವೆಂದು ಅವ್ವನಿಗೇ ಬಿಟ್ಟುಕೊಟ್ಟಳು. ಕಪ್ಪುಗಳ ಅಡಿಗೆ ದಬ್ಬಣದಿಂದ ತೂತು ಹಾಕಿದ್ದು ನಾನು. ಆ ತೂತುಗಳಿಂದ ಕೆಸರು ನೀರು ಸೋರಿ, ಕಿಟಕಿಯ ಕೆಳಗಿದ್ದ ಟ್ರಂಕಿನೊಳಗೆ ಇಳಿದು, ಆಯಿಯ ಇಳಕಲ್ಲ ಸೀರೆಯ ಸೆರಗಿಗೆ ಕಲೆಯಾಯಿತು. ಟ್ರಂಕನ್ನು ಸರಿಸೋಣ ಎಂದು ನಾನು ಮೊದಲೇ ಹೇಳಿದ್ದೆ. ಟ್ರಂಕು ಅಲ್ಲಿ ಅಜ್ಜನ ಕಾಲದಿಂದ ಇದೆ, ಅದು ಸರಿಯುವುದಿಲ್ಲ ಎಂದಿದ್ದಳು ಆಯಿ. ಬೈಗುಳ ಮಾತ್ರ ನನಗೂ ಅವ್ವನಿಗೂ ಬಂತು.

ಒಂದು ಸಂಜೆ ಅಪ್ಪ ಬೂದು ಬಣ್ಣದ ರಟ್ಟಿನ ತಟ್ಟೆ ತಂದ. ಸಾಲಾಗಿ ಗುಣಿಗಳಿರುವ, ಬೀಜ ಹಾಕಲೆಂದೇ ಮಾಡಿದಂತಿದ್ದ ತಟ್ಟೆ. ಅದು ಎಲ್ಲಿಂದ ಬಂತೆಂದು ನನಗೂ ಅವ್ವನಿಗೂ ನೋಡಿದ ಕೂಡಲೇ ಗೊತ್ತಾಯಿತು: ಬಸ್‌ಸ್ಟ್ಯಾಂಡಿನ ಎಗ್‌ರೈಸ್ ಗಾಡಿಯಿಂದ. ನಮ್ಮದು ತತ್ತಿಯ ಹೆಸರನ್ನೂ ಎತ್ತದ ಮನೆ. ಆಯಿ ಅದನ್ನು ಕೈಗೆ ತೆಗೆದುಕೊಂಡು, ಗುಣಿಗಳ ಮೇಲೆ ಬೆರಳಾಡಿಸಿ, ಇದೇನಪ್ಪಾ ಇಷ್ಟು ಚಂದ ಎಂದು ಕೇಳಿದಳು. ಅಪ್ಪ ಬನಿಯನ್ನಿನೊಳಗೆ ತಲೆ ತೂರಿಸುತ್ತ, ಸೇಬು ಬರುತ್ತವಲ್ಲ, ಅದರ ಪೆಟ್ಟಿಗೆಯೊಳಗಿನದು ಎಂದ. ಅವ್ವ ತಿರುಗಿ ನಿಂತು ಬೀಜ ಎಣಿಸತೊಡಗಿದಳು. ಅವಳ ಹೆಗಲು ಅಲುಗುತ್ತಿತ್ತು. ಆ ಬೇಸಿಗೆಯಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಬೆನ್ನ ಕಡೆಯಿಂದ.

ಪ್ರತಿ ಕಪ್ಪಿನ ಮೇಲೂ ನಾನು ಸ್ಕೆಚ್‌ಪೆನ್ನಿನಿಂದ ಬೀಜದ ಹೆಸರು, ಹಾಕಿದ ತಾರೀಖು ಬರೆದೆ. ನೀರು ಬಿದ್ದು ಎಲ್ಲವೂ ಒಂದೇ ನೀಲಿಯಾಯಿತು. ಐಸ್‌ಕ್ರೀಮಿನ ಕಡ್ಡಿಗಳ ಮೇಲೆ ಬಾಲ್‌ಪೆನ್ನಿನಿಂದ ಮತ್ತೆ ಬರೆದು ಮಣ್ಣಿಗೆ ಚುಚ್ಚಿದೆ. ಆ ಕಡ್ಡಿಗಳು ದಿನಕ್ಕೆರಡರಂತೆ ಕಾಣೆಯಾಗುತ್ತಿದ್ದವು. ಆಯಿ ದೀಪದ ಬತ್ತಿ ಮುಂದೆ ಸರಿಸಲು ಅವನ್ನು ಒಯ್ಯುತ್ತಿದ್ದಳು. ಕೇಳಿದರೆ, ಮೊಳಕೆ ಒಡೆದ ಮೇಲೆ ಎಲೆಯೇ ಹೇಳುತ್ತದೆ ಬಿಡು, ಅದಕ್ಕೆ ಹೆಸರು ಯಾಕೆ ಎನ್ನುತ್ತಿದ್ದಳು. ನಮ್ಮ ಓಣಿಗೆ ನಳದ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ. ಅಕ್ಕಿ ತೊಳೆದ ನೀರನ್ನು ಚಮಚೆಯಿಂದ ಹನಿಸಬೇಕು ಎಂದು ಅವ್ವ ಹೇಳಿದರೆ, ಅಪ್ಪ ದಾಡಿ ಮಾಡಿಕೊಂಡ ಸೋಪಿನ ನೀರನ್ನೇ ಎರಡು ದಿನ ಸುರಿದಿದ್ದ. ಇಷ್ಟಾದರೂ ಬೀಜ ಹುಟ್ಟಿದವು. ಟೊಮೆಟೊ ಮೊದಲು, ಆಮೇಲೆ ಮುಳಗಾಯಿ, ಎಲ್ಲಕ್ಕಿಂತ ಕಡೆಗೆ ಮೆಣಸಿನಕಾಯಿ. ಮೂರು ವಾರಕ್ಕೆ ನಾಲ್ಕು ಬೆರಳೆತ್ತರ, ಗಟ್ಟಿ ಕಡ್ಡಿಯಂಥ ದಂಟು, ಕಡುಹಸಿರು ಎಲೆ. ಅವ್ವ ರೊಟ್ಟಿ ಬಡಿಯುತ್ತಲೇ ಆಗಾಗ ಕತ್ತೆತ್ತಿ ಅವನ್ನು ನೋಡುತ್ತಿದ್ದಳು. ಕಾರಹುಣ್ಣಿಮೆಗೆ ಗೇಣು ಆಗೇ ಆಗುತ್ತವೆ ಎಂದು ನಾನು ಸ್ಕೇಲಿನಲ್ಲಿ ಅಳೆದು ಲೆಕ್ಕ ಹಾಕಿ ಹೇಳಿದ್ದೆ. ಆಯಿ ಮಾತ್ರ ಬಗ್ಗಿ ನೋಡಿ ನೋಡಿ, ಗಿಡ್ಡ ಆದವು, ಗಿಡ್ಡ ಆದವು ಎಂದು ತಲೆ ಅಲ್ಲಾಡಿಸುತ್ತಿದ್ದಳು.

ಅಷ್ಟರಲ್ಲಿ ಅವ್ವನ ತಮ್ಮನ ಕೂಸಿನ ತೊಟ್ಟಿಲ ಕಾರ್ಯಕ್ರಮ ಬಂತು. ಅವ್ವ ಹೋಗಲು ಹಿಂದೆಮುಂದೆ ನೋಡಿದಳು. ಸಸಿ ಬಿಟ್ಟು ಹೇಗೆ ಹೋಗುವುದು ಎಂಬುದು ಅವಳ ಸಂಕಟ, ಅದನ್ನು ಬಾಯಿಬಿಟ್ಟು ಹೇಳಿದರೆ ತವರಿಗಿಂತ ಗಿಡ ಹೆಚ್ಚಾಯಿತೇ ಎಂದು ಆಯಿ ಕೇಳುತ್ತಾಳೆ. ಕಡೆಗೆ ಅವ್ವನೂ ನಾನೂ ಹೋದೆವು. ಹೋಗುವ ಮುಂಚೆ ನಾನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದೆ: ಬೆಳಿಗ್ಗೆ ಇಷ್ಟು ನೀರು, ಸಂಜೆ ಇಷ್ಟು, ಸೋಪಿನ ನೀರು ಹಾಕಬಾರದು, ಜಾಗ ಬದಲಿಸಬಾರದು. ಅದನ್ನು ಕಿಟಕಿಯ ಪಕ್ಕ ಅಂಟಿಸಿ ಅಪ್ಪನಿಗೂ ಕಾಕಾನಿಗೂ ಓದಿಸಿದೆ, ಆಯಿಗೆ ಓದಿ ಹೇಳಿದೆ. ಮೂವರೂ ಹೂಂ ಎಂದರು. ಒಂದು ವಾರದ ಮೇಲೆ ತಿರುಗಿ ಬಂದಾಗ ಹಾಳೆ ಅಲ್ಲೇ ಇತ್ತು. ಅದರ ಅಂಚಿನಲ್ಲಿ ಕಾಕಾ ಯಾರದೋ ಫೋನ್ ನಂಬರ್ ಬರೆದುಕೊಂಡಿದ್ದ. ಕಿಟಕಿಯಲ್ಲಿ ಒಂದು ಕಪ್ಪೂ ಇರಲಿಲ್ಲ.

ಅವ್ವ ಚೀಲವನ್ನು ಕೆಳಗಿಡದೆ ಹಾಗೇ ನಿಂತಳು. ನಾನು ಹಿತ್ತಲಿಗೆ ಓಡಿದೆ, ಅಲ್ಲಿಲ್ಲ. ಮಾಳಿಗೆ ಹತ್ತಿದೆ, ಅಲ್ಲೂ ಇಲ್ಲ. ಆಯಿ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದವಳು, ಯಾಕೆ ಅಷ್ಟು ಗಾಬರಿ, ಬನ್ನಿ ತೋರಿಸುತ್ತೇನೆ ಎಂದು ಎದ್ದು ಮುಂದೆ ನಡೆದಳು. ದೇವರ ಕೋಣೆಗೆ. ಅದಕ್ಕೆ ಬೆಳಕಿಂಡಿಯೂ ಇರಲಿಲ್ಲ; ಬಗ್ಗಿ ಹೋಗಬೇಕಾದ ಬಾಗಿಲು, ಬಾಗಿಲಿಗೊಂದು ದಪ್ಪ ಪರದೆ. ಒಳಗೆ ಎಣ್ಣೆದೀಪದ ಬೆಳಕಿನಲ್ಲಿ ಜಗಲಿಯ ಮೇಲೆ, ದೇವರ ಎಡಕ್ಕೂ ಬಲಕ್ಕೂ, ಕಪ್ಪುಗಳು, ಪಾಕೀಟುಗಳು, ಚಿಪ್ಪುಗಳು ಸಾಲಾಗಿ ಕೂತಿದ್ದವು. ನಡುವೆ, ಲಿಂಗದ ನೇರ ಮುಂದೆ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಆ ತತ್ತಿಯ ತಟ್ಟೆ. ಸಸಿಗಳು ಆಗಲೇ ಎತ್ತರಕ್ಕೆ ಎಳೆದುಕೊಳ್ಳತೊಡಗಿದ್ದವು. ಎಲೆಗಳ ಹಸಿರು ಇಳಿದು ಹಾಲು ಕಲೆಸಿದಂತಾಗಿತ್ತು.

ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ದಸರೆಯ ಘಟ್ಟ ಗೊತ್ತಿರಬೇಕು. ನಮ್ಮಲ್ಲಿ ದಸರೆಯ ಮೊದಲ ದಿನ ದೇವರ ಮುಂದೆ ಮಣ್ಣು ಹರಡಿ, ನಡುವೆ ತುಂಬಿದ ಕೊಡ ಇಟ್ಟು, ಸುತ್ತ ಗೋಧಿ, ಜೋಳ ಬಿತ್ತುತ್ತಾರೆ. ಅದೇ ಘಟ್ಟ. ಒಂಬತ್ತು ದಿನ ಅದಕ್ಕೆ ಬಿಸಿಲು ತೋರಿಸುವುದಿಲ್ಲ, ಜಾಗದಿಂದ ಅಲುಗಿಸುವುದಿಲ್ಲ, ಹೊರಗಿನವರ ಕಣ್ಣಿಗೆ ಬೀಳಿಸುವುದಿಲ್ಲ. ಕತ್ತಲೆಯಲ್ಲಿ ಸಸಿ ಉದ್ದವಾಗಿ, ಬಂಗಾರದ ಹಾಗೆ ಹಳದಿಯಾಗಿ ಏಳುತ್ತದೆ. ಎಷ್ಟು ಉದ್ದ, ಎಷ್ಟು ಹಳದಿಯೋ ಆ ವರ್ಷ ಮನೆಗೆ ಅಷ್ಟು ಒಳ್ಳೆಯದು. ಹಬ್ಬದ ದಿನ ಅದನ್ನು ಕಿತ್ತು ಗಂಡಸರು ಟೋಪಿಗೆ, ಹೆಂಗಸರು ತುರುಬಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಆ ಸಸಿ ಮುಂದೆ ಬದುಕಬೇಕಾಗಿಯೇ ಇಲ್ಲ. ಆಯಿ ಆರು ದಶಕ ಘಟ್ಟ ಬೆಳೆಸಿದವಳು. ಒಳಗೆ ಸಸಿ ಎಬ್ಬಿಸುವುದೆಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

‘ಕಿಡಕ್ಯಾಗ ಇಟ್ಟು ಬಂದವ್ರು ಹೋದವ್ರ ಕಣ್ಣಿಗೆಲ್ಲಾ ಬಿಟ್ಟಿದ್ರಿ. ಅದಕ್ಕ ಗಿಡ್ಡ ಉಳದಿದ್ವು. ಈಗ ನೋಡ, ಹೆಂಗ್ ಏಳಾಕತ್ತಾವು,’ ಎಂದಳು ಆಯಿ.

ಕತ್ತಲಲ್ಲಿ ಇಟ್ಟರೆ ದಂಟು ಸಣಕಲಾಗುತ್ತದೆ, ಎಲೆಗೆ ಬೆಳಕು ಬೇಕು, ಇವನ್ನು ಈಗಲೇ ಹೊರಗೆ ತೆಗೆಯಬೇಕು ಎಂದು ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಆಯಿ ಕೇಳಿಸಿಕೊಂಡಳು. ಆಮೇಲೆ, ದೇವರ ಮುಂದೆ ಕೂರಿಸಿದ್ದನ್ನು ನಡುವೆ ಎತ್ತಬಾರದು, ಇನ್ನು ಎತ್ತುವುದು ಹುಣ್ಣಿಮೆಯ ದಿನವೇ ಎಂದಳು. ಗೋಧಿಯೇ ಬೇರೆ, ಟೊಮೆಟೊ ಬೇರೆ ಎಂದೆ. ದೇವರಿಗೆ ಎರಡೂ ಒಂದೇ ಎಂದಳು. ನಾನು ಅವ್ವನ ಕಡೆ ನೋಡಿದೆ. ಅವ್ವ ದೇವರಿಗೆ ಕೈಮುಗಿದು, ಬಗ್ಗಿ ಹೊರಗೆ ಬಂದು, ಚೀಲದಲ್ಲಿದ್ದ ತೊಟ್ಟಿಲ ಕಾರ್ಯಕ್ರಮದ ಉಂಡಿಗಳನ್ನು ಡಬ್ಬಿಗೆ ತುಂಬತೊಡಗಿದಳು. ನನಗೆ ಆಯಿಗಿಂತ ಅವ್ವನ ಮೇಲೇ ಹೆಚ್ಚು ಸಿಟ್ಟು ಬಂತು. ಅಪ್ಪನನ್ನು ಕೇಳಿದೆ. ಹುಣ್ಣಿಮೆ ಇನ್ನು ಹತ್ತು ದಿನವೂ ಇಲ್ಲವಲ್ಲ, ನೋಡೋಣ ಎಂದ.

ಮರುದಿನದಿಂದ ನಾನು ನನ್ನ ಕೈಲಾದದ್ದು ಮಾಡಿದೆ. ಪರದೆಯನ್ನು ಸರಿಸಿ ಮೊಳೆಗೆ ಸಿಕ್ಕಿಸುತ್ತಿದ್ದೆ, ಆಯಿ ಇಳಿಬಿಡುತ್ತಿದ್ದಳು. ಮತ್ತೆ ಸಿಕ್ಕಿಸುತ್ತಿದ್ದೆ, ಮತ್ತೆ ಇಳಿಬಿಡುತ್ತಿದ್ದಳು. ಕಡೆಗೆ ಅಪ್ಪನ ದಾಡಿಯ ಕನ್ನಡಿಯನ್ನು ಬಿಚ್ಚಿ ತಂದು, ಪಡಸಾಲೆಯಲ್ಲಿ ಬೆಳಕಿಂಡಿಯ ಬಿಸಿಲು ಬೀಳುವ ಕಡೆ ಕೂತು, ಅದನ್ನು ಓರೆ ಹಿಡಿದು ಪರದೆಯ ಸಂದಿನಿಂದ ದೇವರ ಕೋಣೆಯೊಳಕ್ಕೆ ಬೆಳಕು ಹಾಯಿಸಿದೆ. ಬಿಸಿಲು ಸರಿದಂತೆಲ್ಲ ನಾನೂ ಸರಿಯಬೇಕು, ಕೈ ನಡುಗಿದರೆ ಬೆಳಕು ಟೊಮೆಟೊ ಬಿಟ್ಟು ಗಂಟೆಯ ಮೇಲೆ ಹೋಗುತ್ತದೆ. ಮೂರನೆಯ ದಿನ ಆಯಿ ಪೂಜೆಗೆ ಕೂತಿದ್ದಾಗ ಆ ಬೆಳಕು ಅವಳ ಮುಖಕ್ಕೆ ಹೊಡೆಯಿತು.

‘ಪಾರೀ, ದೇವರ ಕಣ್ಣಿಗಿ ಬಿಸಲ ಹೊಡಿತೀ ಏನ?’

ಕನ್ನಡಿ ತಿರುಗಿ ಕಿಟಕಿಗೆ ಹೋಯಿತು. ಮೊಳೆ ಸಡಿಲಾಗಿದ್ದಕ್ಕೆ ಅಪ್ಪನೂ ನನ್ನನ್ನೇ ಬೈದ.

ಕಾರಹುಣ್ಣಿಮೆಯ ದಿನ ಊರಿನಲ್ಲಿ ಎತ್ತುಗಳಿಗೆ ಬಣ್ಣ ಹಚ್ಚಿ ಪೂಜೆ ಮಾಡುತ್ತಾರೆ. ನಮಗೆ ಎತ್ತಿರಲಿಲ್ಲ, ಕಾಕಾ ಟಂಟಂಗೇ ಮಾಡುತ್ತಿದ್ದ. ಅದರ ಎರಡು ಕನ್ನಡಿಗಳಿಗೆ ಗೊಂಡೆ ಕಟ್ಟಿ, ಮುಂದಿನ ಗಾಲಿಗೆ ನೀರೆರೆದು, ಹೋಳಿಗೆ ತೋರಿಸುತ್ತಿದ್ದ. ಅದೆಲ್ಲ ಮುಗಿಸಿ ಒಳಗೆ ಬಂದು, ಹೂಂ, ತರ್ರಿ ಎಂದು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಆಯಿ ಒಂದೊಂದೇ ಕಪ್ಪನ್ನು ಮರದಲ್ಲಿ ಇಟ್ಟುಕೊಂಡು, ತಾನೇ ಹೊತ್ತು ಹೊರಗೆ ತಂದಳು. ಬೆಳಕಿಗೆ ಬಂದಾಗ ನನಗೆ ಅಳು ಬಂತು. ದಾರದಂಥ ಬಿಳಿ ದಂಟುಗಳು, ತುದಿಗೆ ಎರಡೆರಡು ಹಳದಿ ಎಲೆ. ಮರ ಅಲುಗಿದರೆ ಸಸಿಗಳೆಲ್ಲ ಒಂದೇ ಕಡೆ ಬಾಗುತ್ತಿದ್ದವು. ಯಾರ ಗೇಣು ಎಂಬ ಪ್ರಶ್ನೆ ಆಗ ಎದ್ದಿತು. ತನ್ನದೇ ಗೇಣು ಎಂದು ಕಾಕಾ ಅಗಲ ಅಂಗೈ ಚಾಚಿದ. ಸಸಿ ಹಚ್ಚುವವಳು ಅವ್ವ, ಅವಳದೇ ಗೇಣು ಆಗಬೇಕು ಎಂದು ನಾನು. ಆಯಿ ಇಬ್ಬರನ್ನೂ ಸರಿಸಿ ತನ್ನ ಸೊಟ್ಟಗಾದ ಬೆರಳುಗಳನ್ನು ಬಿಡಿಸಿ ಇಟ್ಟಳು. ಟೊಮೆಟೊ ಅವಳ ಗೇಣನ್ನು ದಾಟಿ ಎರಡು ಬೆರಳು ಮೇಲಿತ್ತು. ಮುಳಗಾಯಿಯೂ ಮೆಣಸಿನಕಾಯಿಯೂ ಸರಿಸಮ. ಕಾಕಾ ತನ್ನ ಗೇಣನ್ನೂ ಇಟ್ಟು ನೋಡಿದ; ಅದಕ್ಕೂ ಟೊಮೆಟೊ ಸೋಲಲಿಲ್ಲ. ಇವನು ಈಗ ಹಲ್ಲು ಕಚ್ಚಿ ಜಗಳ ತೆಗೆಯುತ್ತಾನೆ, ಇವು ಬದುಕುವ ಸಸಿಗಳೇ ಅಲ್ಲ ಎನ್ನುತ್ತಾನೆ ಎಂದು ನಾನು ಕಾದೆ. ಹಾಗೆ ಅಂದಿದ್ದರೆ ಅದು ಸತ್ಯವೇ. ಆದರೆ ಅವನೂ ಅದೇ ಮನೆಯಲ್ಲಿ ಅದೇ ಘಟ್ಟ ನೋಡಿ ಬೆಳೆದವನು. ಹಳದಿ ಎಲೆಗಳನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

‘ದೇವರ ಮುಂದ ಇಷ್ಟು ಛಲೋ ಎದ್ದಾವು. ಇನ್ನ ನಾ ಏನ್ ಅನ್ಲಿ? ಹಿತ್ತಲ ನಿಮ್ದ ರೀ ವೈನಿ,’ ಎಂದ.

ಹೀಗೆ ಅವ್ವ ಗೆದ್ದಳು. ಗಟ್ಟಿಮುಟ್ಟಾಗಿ, ಸರಿಯಾಗಿ ಬೆಳೆದಿದ್ದ ಸಸಿ ಗೆಲ್ಲಿಸುತ್ತಿತ್ತೋ ಇಲ್ಲವೋ. ಸಾಯಲು ಬಿದ್ದ ಸಸಿ ಗೆಲ್ಲಿಸಿತು. ಇದನ್ನು ನೆನೆದರೆ ನನಗೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಆಯಿ ತಾನೇ ತೀರ್ಪುಗಾರ್ತಿ, ತಾನೇ ಒಳಗಿಟ್ಟು ಉದ್ದ ಮಾಡಿದವಳು. ಸೊಸೆ ಗೆಲ್ಲಲಿ ಎಂದೇ ಹಾಗೆ ಮಾಡಿದಳೋ, ಸಸಿ ಎಂದರೆ ಹಾಗೇ ಇರಬೇಕೆಂದು ಮಾಡಿದಳೋ ನನಗೆ ಇಂದಿಗೂ ತಿಳಿಯದು. ಕೇಳಿದರೆ ಎರಡಕ್ಕೂ ಹೌದು ಎನ್ನುವವಳು ಅವಳು. ಕಾಕಾ ಆ ವಾರವೇ ಫರ್ಸಿಗಳನ್ನು ಟಂಟಂಗೆ ಹೇರಿಕೊಂಡು ಗೆಳೆಯನೊಬ್ಬನ ಮನೆಗೆ ಹಾಕಿ ಬಂದ.

ಹುಣ್ಣಿಮೆಯಾದ ಎರಡನೆಯ ದಿನ ಒಂದು ಮಳೆ ಬಿತ್ತು. ಅವ್ವ ಸಂಜೆಯ ತಂಪಿನಲ್ಲಿ ಸಸಿಗಳನ್ನು ಹಚ್ಚಿದಳು. ನಾವಿಬ್ಬರೂ ಪ್ರತಿಯೊಂದಕ್ಕೂ ಪೊರಕೆಯ ಕಡ್ಡಿ ಊರಿ, ನೂಲಿನಿಂದ ಕಟ್ಟಿ ನಿಲ್ಲಿಸಿದೆವು. ಬೆಳಿಗ್ಗೆ ಎಂದಿನ ಗಾಳಿ ಎದ್ದಿತು. ಆ ತಿಂಗಳು ನಮ್ಮ ಕಡೆ ಗಾಳಿಯೆಂದರೆ ಒಣಹಾಕಿದ ಬಟ್ಟೆ ಮೂರನೆಯ ಮನೆಯಲ್ಲಿ ಹುಡುಕಬೇಕು. ಹತ್ತು ಗಂಟೆಗೆ ಬಿಸಿಲು ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಮಣ್ಣಿನ ಮೇಲೆ ಬೇಯಿಸಿದ ಶಾವಿಗೆ ಚೆಲ್ಲಿದಂತೆ ಸಸಿಗಳು ಮಲಗಿದ್ದವು, ಪೊರಕೆ ಕಡ್ಡಿಗಳು ಮಾತ್ರ ನಿಂತಿದ್ದವು.

ಆಯಿ ಬಚ್ಚಲ ಕಟ್ಟೆಯ ಮೇಲೆ ಕೂತು ಕಾರಣ ಹುಡುಕಿದಳು. ಹಚ್ಚುವಾಗ ಪಕ್ಕದ ಮನೆಯವಳು ಗೋಡೆಯ ಮೇಲಿಂದ ನೋಡಿದಳಲ್ಲ, ಅವಳ ಕಣ್ಣು ತಾಗಿತು ಎಂದಳು. ಆಮೇಲೆ, ಮಂಗಳವಾರ ಹಚ್ಚಬಾರದಿತ್ತು ಎಂದಳು. ಹಚ್ಚಿದ್ದು ಬುಧವಾರ ಎಂದು ನಾನು ಬರೆದಿಟ್ಟದ್ದನ್ನು ತೋರಿಸಿದೆ. ಆಮೇಲೆ, ಶಾಂತಾಳದು ಕಾಲುವೆಯ ನೀರಿನ ಕೈ, ನಮ್ಮ ಮಣ್ಣಿಗೆ ಅದು ಒಗ್ಗದು ಎಂದಳು. ನನಗೆ ಇನ್ನು ತಡೆಯಲಾಗಲಿಲ್ಲ. ನೀನು ಕತ್ತಲಲ್ಲಿ ಇಟ್ಟಿದ್ದಕ್ಕೇ ಸತ್ತವು ಆಯಿ, ಎಲ್ಲವೂ, ಅವ್ವನ ಕೈಯಲ್ಲಿ ಚೆನ್ನಾಗಿದ್ದವು ಎಂದು ಹಿತ್ತಲಿಗೆಲ್ಲ ಕೇಳಿಸುವ ಹಾಗೆ ಹೇಳಿದೆ. ಅಪ್ಪ ಡ್ಯೂಟಿಗೆ ಹೊರಟಿದ್ದವನು, ದೊಡ್ಡವರಿಗೆ ಹಾಗೆನ್ನಬಾರದು ಎಂದು ನನ್ನ ತೋಳು ಹಿಡಿದು ಒಳಗೆ ಕರೆದೊಯ್ದ. ಕತ್ತಲಲ್ಲಿ ಇಟ್ಟಾಗಲೇ ಗೇಣು ಆದವು, ಹೊರಗೆ ತಂದಾಗಲೇ ಸತ್ತವು, ನೀನೇ ಲೆಕ್ಕ ಹಾಕು ಎಂದು ಆಯಿ ಹಿಂದಿನಿಂದ ಕೂಗಿದಳು. ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲವೆಂಬುದೇ ನನ್ನ ಸಂಕಟ. ಅವಳು ಹೇಳಿದ ಎರಡೂ ನಡೆದದ್ದೇ.

ಅವ್ವ ಕಪ್ಪುಗಳನ್ನೆಲ್ಲ ತೊಳೆದು ಬೋರಲು ಹಾಕಿದಳು. ಒಣಗಿದ ಮೇಲೆ ಮಣ್ಣು ತುಂಬಿ, ಸೀರೆಯ ಗಂಟಿನಲ್ಲಿ ಉಳಿಸಿಕೊಂಡಿದ್ದ ಬೀಜ ಹಾಕಿ, ಕಿಟಕಿಯಲ್ಲಿ ಇಟ್ಟಳು. ಈ ಸಲ ನಾನು ಹೆಸರು ಬರೆಯಲು ಹೋಗಲಿಲ್ಲ. ಹದಿನೈದು ದಿನಕ್ಕೆ ಮತ್ತೆ ಎರಡೆರಡು ಎಲೆ ಕಾಣಿಸಿಕೊಂಡವು, ಗಿಡ್ಡಗೆ, ದಪ್ಪಗೆ. ಒಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಬಾಗಿಲ ಬಳಿ ಕೂತು ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದೆ. ಆಯಿ ಖಾಲಿ ಮರ ಹಿಡಿದುಕೊಂಡು ಒಳಗೆ ಬಂದು, ನೇರ ಕಿಟಕಿಗೆ ಹೋಗಿ, ಮೊದಲ ಕಪ್ಪಿಗೆ ಕೈ ಹಾಕಿದಳು. ಅವ್ವ ತವೆಯ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಳು. ಹಿಟ್ಟಿನ ಕೈಯಲ್ಲೇ ಹೋಗಿ ಕಿಟಕಿಗೂ ಆಯಿಗೂ ನಡುವೆ ನಿಂತಳು.

‘ಬ್ಯಾಡ್ರಿ ಅತ್ತಿ.’

‘ಏನ್ ಬ್ಯಾಡ?’

‘ಒಳಗ ಒಯ್ಯೂದು ಬ್ಯಾಡ್ರಿ. ಇಲ್ಲೇ ಇರ್ಲಿ ಇವು.’

‘ಮತ್ತ ಗಿಡ್ಡ ಆಗ್ತಾವು ನೋಡ.’

‘ಆಗ್ಲಿ ಬಿಡ್ರಿ.’

‘ದೇವರಿಗಿಂತ ನಿನ್ನ ಕಿಡಕಿ ದೊಡ್ಡದಾತೇನ ಶಾಂತಾ?’

ಅವ್ವನ ಮುಖ ಕೆಂಪಾಗಿತ್ತು, ಒಲೆಯ ಬಿಸಿಯೋ ಏನೋ. ಅವಳ ದನಿ ಮಾತ್ರ ಏರಲಿಲ್ಲ.

‘ಹಿತ್ತಲ ನಂದು ಅಂತ ನೀವ ಅಂದಿರಿ. ಅಲ್ಲಿಗಿ ಹೋಗೂ ಸಸಿನೂ ನಂದ ರೀ. ಸತ್ರೂ ನನ್ನ ಕೈಲೇ ಸಾಯ್ಲಿ.’

ತವೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಆಯಿ ಒಂದು ಗಳಿಗೆ ಅವ್ವನನ್ನು, ಒಂದು ಗಳಿಗೆ ಮರವನ್ನು ನೋಡಿದಳು. ಕಪ್ಪನ್ನು ಇದ್ದಲ್ಲೇ ಇಟ್ಟು, ಮರವನ್ನು ಕಂಕುಳಲ್ಲಿ ಇಟ್ಟುಕೊಂಡು ಪಡಸಾಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ಮಲಗಿದಳು. ಇವತ್ತು ತನಗೆ ಊಟ ಬೇಡ ಎಂದು ಅಲ್ಲಿಂದಲೇ ಹೇಳಿದಳು. ಇದರ ಮುಂದಿನದು ನನಗೆ ಗೊತ್ತಿತ್ತು. ಆಯಿ ಮುನಿಸಿಕೊಂಡಾಗಲೆಲ್ಲ ಅವ್ವ ತಾಟು ಹಿಡಿದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ತಪ್ಪಾತ್ರಿ ಅತ್ತಿ, ಒಂದು ತುತ್ತು ತಗೋರಿ ಎಂದು ರಮಿಸುತ್ತಿದ್ದಳು. ಆಯಿ ಉಣ್ಣುವವರೆಗೆ ತಾನು ನೀರನ್ನೂ ಮುಟ್ಟುತ್ತಿರಲಿಲ್ಲ. ಎಷ್ಟೋ ದಿನ ಸಂಜೆಯ ಚಹಾದ ಹೊತ್ತಿಗೆ ಅವಳ ಮಧ್ಯಾಹ್ನದ ಊಟವಾಗಿದೆ.

ಅವ್ವ ಸೀದ ರೊಟ್ಟಿಯನ್ನು ಪಕ್ಕಕ್ಕೆ ಹಾಕಿ, ಉಳಿದ ಹಿಟ್ಟನ್ನು ಬಡಿದು ಮುಗಿಸಿದಳು. ಆಯಿಯ ತಾಟಿಗೆ ಎರಡು ರೊಟ್ಟಿ, ಕಾಳಿನ ಪಲ್ಯ, ಒಂದು ಉಳ್ಳಾಗಡ್ಡಿ ಇಟ್ಟು, ಮೇಲೊಂದು ತಾಟು ಮುಚ್ಚಿ ಪಡಸಾಲೆಯ ಹೊಸ್ತಿಲಲ್ಲಿ ಇರಿಸಿ ಬಂದಳು. ನನಗೆ ಬಡಿಸಿದಳು. ಆಮೇಲೆ ಕೈ ತೊಳೆದು, ತನಗೂ ಬಡಿಸಿಕೊಂಡು, ಕಿಟಕಿಯ ಕೆಳಗಿನ ಆ ಟ್ರಂಕಿನ ಮೇಲೆ ಹತ್ತಿ ಕೂತು, ರೊಟ್ಟಿ ಮುರಿದಳು. ಅವಳು ನಿಧಾನವಾಗಿ ಉಣ್ಣುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಪಡಸಾಲೆಯಿಂದ ಆಯಿಯ ದನಿ ಬಂತು.

‘ಶಾಂತಾ, ಉಂಡೀ ಏನ?’

‘ಉಣ್ಣಾಕತ್ತೀನ್ರಿ,’ ಎಂದಳು ಅವ್ವ, ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ.

ಅವಳು ಇನ್ನೊಂದು ತುತ್ತು ಮುರಿದಳು. ಆಮೇಲೆ ಹೊಸ್ತಿಲ ಮೇಲಿನ ತಾಟು ಸರಿದ ಸಪ್ಪಳ ಕೇಳಿಸಿತು.